ಸ್ಟಿಮಾಚ್ ಆಡ್ತಿದ್ದ ಕಾಲದ ಬಗ್ಗೆ

ಭಾರತ ಫುಟ್‌ಬಾಲ್ ತಂಡದ ಕೋಚ್ ಆಗಿದ್ದ ಕ್ರೊಯೇಷಿಯಾದ ಇಗೋರ್ ಸ್ಟಿಮಾಚ್ 1998ರ ವಿಶ್ವಕಪ್‌ನಲ್ಲಿ ನಿಜವಾಗಲೂ ಆಡಿದ್ರಾ, ಇಲ್ಲಾ ಸುಮ್ನೆ ಬೆಂಚಲ್ಲಿ ಕೂತಿದ್ರಾ ಅಂತ ಕೇಳಿದ್ದೀರಿ. ಆಡಿದ್ರು ಸಾರ್. ಇನ್ನೊಬ್ಬ ಡಿಫೆಂಡರ್ ಬಿಲಿಚ್ ಜೊತೆ ಕ್ರೊಯೇಷಿಯಾದ ಹಿಂಬದಿ ಕಾಯ್ತಿದ್ದವರೇ ಇವರು. ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿಗೆ 3-0 ಬಡಿದ ತಂಡ ಅದು. ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಸೋತು, ಕೊನೆಗೆ ಮೂರನೇ ಸ್ಥಾನ ಪಡೆಯಿತು. ಎಲ್ಲರಿಗೂ ಆ ತಂಡದ ಸ್ಟ್ರೈಕರ್ ಶೂಕರ್ ಗೋಲುಗಳೇ ನೆನಪು, ಡಿಫೆಂಡರ್‌ಗಳನ್ನ ಯಾರು ಕೇಳ್ತಾರೆ?

ನನಗೆ ಜಾಸ್ತಿ ಇಷ್ಟ ಇಂಗ್ಲೆಂಡಿನ ಡರ್ಬಿ ಕೌಂಟಿ ಕ್ಲಬ್‌ನ ಕತೆ. 1995ರಲ್ಲಿ ಸ್ಟಿಮಾಚ್ ಕ್ರೊಯೇಷಿಯಾದ ಹೈದುಕ್ ಸ್ಪ್ಲಿಟ್ ಕ್ಲಬ್‌ನಿಂದ ಅಲ್ಲಿಗೆ ಬಂದರು. ಡರ್ಬಿ ಆಗ ಎರಡನೇ ದರ್ಜೆಯಲ್ಲಿತ್ತು. ಮೊದಲ ಪಂದ್ಯ ಟ್ರಾನ್ಮಿಯರ್ ಮೇಲೆ. ಇವರೇ ಒಂದು ಗೋಲು ಹೊಡೆದರು, ಆದರೆ ತಂಡ 5-1ರಲ್ಲಿ ಮಣ್ಣು ಮುಕ್ಕಿತು! ಆಮೇಲೆ ಸತತ 20 ಪಂದ್ಯ ಸೋಲಲೇ ಇಲ್ಲ. 1996ರಲ್ಲಿ ಡರ್ಬಿ ಪ್ರೀಮಿಯರ್ ಲೀಗ್‌ಗೆ ಏರಿತು. ಮುಂದೆ ವೆಸ್ಟ್ ಹ್ಯಾಮ್‌ಗೂ ಆಡಿದರು. ದೇಶಕ್ಕೆ 53 ಪಂದ್ಯ.

ಸಿಟ್ಟು ಮಾತ್ರ ಮೊದಲಿಂದಲೂ ಮೂಗಿನ ತುದಿಯಲ್ಲೇ. 1991ರ ಯುಗೊಸ್ಲಾವ್ ಕಪ್ ಫೈನಲ್‌ನಲ್ಲಿ ಹೈದುಕ್ ಪರ ಆಡುವಾಗ ಎದುರಾಳಿ ರೆಡ್ ಸ್ಟಾರ್ ಕ್ಲಬ್‌ನ ಮಿಹೈಲೊವಿಚ್ ಜೊತೆ ಜಗಳ ಮಾಡ್ಕೊಂಡು ಇಬ್ಬರೂ ಹೊರಗೆ. ಕಪ್ ಹೈದುಕ್ ಪಾಲಾಯಿತು, ಅದು ಬೇರೆ ಮಾತು. 2023ರಲ್ಲಿ ನಮ್ಮ ಬೆಂಗಳೂರಿನ ಕಂಠೀರವದಲ್ಲಿ ನಡೆದ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಟೂರ್ನಿ ನೋಡಿದ್ರೆ ನಿಮಗೇ ಗೊತ್ತಿರುತ್ತೆ. ಪಾಕಿಸ್ತಾನದ ಆಟಗಾರ ಥ್ರೋ ಮಾಡೋಕೆ ಹೋದಾಗ ಕೈಯಿಂದ ಚೆಂಡು ಕಿತ್ಕೊಂಡು ರೆಡ್ ಕಾರ್ಡ್ ತಗೊಂಡ್ರಲ್ಲ! ಕುವೈತ್ ಪಂದ್ಯದಲ್ಲಿ ಇನ್ನೊಂದು. ಹೀಗಾಗಿ ಭಾರತ ಫೈನಲ್ ಗೆದ್ದ ದಿನ ಕೋಚ್ ಜಾಗದಲ್ಲಿ ನಿಂತಿದ್ದು ಸಹಾಯಕ ಕೋಚ್ ಮಹೇಶ್ ಗಾವ್ಲಿ.