ಅಡುಗೆ ಬರಲ್ಲ, ಎಂಟು ಜನರನ್ನು ಊಟಕ್ಕೆ ಕರೆದಿದ್ದೀನಿ – ಪ್ರತಿಕ್ರಿಯೆ

ಹೊರಗಿಂದ ತರಿಸಿದರೆ ಬಂದವರು ಏನಂದುಕೊಳ್ತಾರೋ ಅಂತ ಕೇಳಿದ್ದೀರಿ. ಏನೂ ಅಂದುಕೊಳ್ಳಲ್ಲ, ಧಾರಾಳವಾಗಿ ತರಿಸಿ. ನಾನೇ ಮಾಡಿದ್ದು ಅಂತ ಬಿಲ್ಡಪ್ ಮಾತ್ರ ಬೇಡ! ಯಾರಿಗೆ ಯಾವುದು ಒಗ್ಗಲ್ಲ ಅಂತ ಈಗಲೇ ವಿಚಾರಿಸಿಕೊಳ್ಳಿ.

ಊಟ ಅತಿಥಿಗಳಿಗಿಂತ ಅರ್ಧ ಗಂಟೆ ಮೊದಲೇ ಮನೆ ಸೇರಲಿ. ಕರಿದ ತಿಂಡಿಯ ಡಬ್ಬದ ಮುಚ್ಚಳ ಮೊದಲು ತೆಗೆಯಿರಿ. ಒಳಗಿನ ಹಬೆಗೆ ಗರಿಗರಿಯೆಲ್ಲ ಹೋಗಿ ಮೆತ್ತಗಾಗಿಬಿಡುತ್ತೆ. ತೆಳ್ಳಗಿರುವ ಪದಾರ್ಥಗಳನ್ನು ನಿಮ್ಮ ಪಾತ್ರೆಗೆ ಬಗ್ಗಿಸಿಕೊಂಡು, ಬಡಿಸುವ ಮುಂಚೆ ಒಂದು ಕುದಿ ಬರಿಸಿ. ಬೇಯಿಸಿದ್ದು ಯಾವುದನ್ನೂ 2 ಗಂಟೆಗಿಂತ ಹೆಚ್ಚು ಹೊರಗಿಡಬೇಡಿ, ಉಳಿದದ್ದನ್ನು ಫ್ರಿಜ್‌ಗೆ ಸೇರಿಸಿ.

"ನಾನೇನು ತರಲಿ?" ಅಂತ ಯಾರಾದರೂ ಕೇಳಿದರೆ ಸಂಕೋಚಪಡದೆ ಸಿಹಿಯ ಜವಾಬ್ದಾರಿ ಅವರಿಗೆ ವಹಿಸಿ. ಹಾಂ, ಪ್ರತಿ ಪಾತ್ರೆಗೂ ಒಂದೊಂದು ಸೌಟು ಇದೆಯಾ ನೋಡಿಕೊಳ್ಳಿ. ಕೊನೇ ಗಳಿಗೆಯಲ್ಲಿ ಕೊರತೆ ಬೀಳೋದೇ ಅದು.