ಅಮ್ಮನ ಇಂಜೆಕ್ಷನ್, ಭಾವನ ಇಂಜೆಕ್ಷನ್

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ ರುಮಟಾಯ್ಡ್ ಸಂಧಿವಾತ. ರೋಗನಿರೋಧಕ ಶಕ್ತಿ ತಗ್ಗಿಸಲೆಂದು ಅಬಾಟಾಸೆಪ್ಟ್ ಇಂಜೆಕ್ಷನ್ ಕೊಡುತ್ತಿದ್ದಾರೆ. ದುಬೈಯಲ್ಲಿರುವ ಭಾವನಿಗೆ ಕಿಡ್ನಿ ಕ್ಯಾನ್ಸರ್. ಅವರ ಎರಡು ಔಷಧಿಗಳಲ್ಲಿ ಒಂದು ಇಪಿಲಿಮುಮಾಬ್, ಅದು ಶಕ್ತಿ ಹೆಚ್ಚಿಸಲಿಕ್ಕಂತೆ. ಎರಡರ ಚೀಟಿಯಲ್ಲೂ ಸಿಟಿಎಲ್‌ಎ-4 ಎಂದೇ ಇದೆಯಲ್ಲ?
- ಓದುಗರೊಬ್ಬರು, ಕಾಪು

ಉತ್ತರ: ಚೀಟಿ ಓದಿದಿರಲ್ಲ ಮಾರಾಯ್ರೆ, ಅದೇ ದೊಡ್ಡದು. ಹೆಚ್ಚಿನವರು ಅದರಲ್ಲಿ ಮಾತ್ರೆ ಕಟ್ಟಿಡುತ್ತಾರೆ.

ಉಡುಪಿಯ ಬ್ಯಾಂಕೊಂದರ ಲಾಕರಿನಲ್ಲಿ ನನ್ನ ಹೆಂಡತಿಯ ಅವಲಕ್ಕಿ ಸರ ಇದೆ. ನಮ್ಮ ಕೀಲಿ ಒಂದನ್ನೇ ತಿರುಗಿಸಿದರೆ ಲಾಕರ್ ತೆರೆಯದು, ಬ್ಯಾಂಕಿನವರ ಕೀಲಿಯೂ ಬೇಕು. ರೋಗಾಣುಗಳ ವಿರುದ್ಧ ಹೋರಾಡುವ ಬಿಳಿ ರಕ್ತಕಣ ಟಿ ಕೋಶದ್ದೂ ಅದೇ ಕಥೆ. ಡೆಂಡ್ರೈಟಿಕ್ ಕೋಶ ಎಂಬ ಕಾವಲುಗಾರ ಎತ್ತಿ ತೋರಿಸುವ ರೋಗಾಣುವಿನ ತುಣುಕು ಟಿ ಕೋಶದ ಗ್ರಾಹಕಕ್ಕೆ ಹೊಂದಿದರೆ ಅದು ಮೊದಲ ಕೀಲಿ. ಡೆಂಡ್ರೈಟಿಕ್ ಕೋಶದ ಮೈಮೇಲೆ ಬಿ7 ಎಂಬ ಪ್ರೋಟೀನಿದೆ, ಸಿಡಿ80 ಮತ್ತು ಸಿಡಿ86 ಎಂಬ ಜೋಡಿ. ಅದು ಟಿ ಕೋಶದ ಮೇಲಿರುವ ಸಿಡಿ28 ಎಂಬ ಇನ್ನೊಂದು ಗ್ರಾಹಕವನ್ನು ಮುಟ್ಟಿದರೆ ಎರಡನೆಯ ಕೀಲಿ. ಸೋಂಕಿನ ಸುಳಿವು ಸಿಕ್ಕಾಗಲೇ ಬಿ7 ಹೆಚ್ಚುವುದು. ಲಾಕರಿನ ಹೋಲಿಕೆ ಇಲ್ಲಿ ಕೈಕೊಡುತ್ತದೆ. ಒಂದೇ ಕೀಲಿ ಹಾಕಿದರೆ ಲಾಕರಿಗೇನೂ ಆಗದು; ಟಿ ಕೋಶವಾದರೋ ಜಡವಾಗಿಬಿಡುತ್ತದೆ, ಆಮೇಲೆ ಎರಡೂ ಕೀಲಿ ತಂದರೂ ಸರಿಯಾಗಿ ಏಳದು. ಅದು ನಮ್ಮ ಮೈಯನ್ನೇ ಕಚ್ಚದಂತೆ ಇರುವ ಉಪಾಯಗಳಲ್ಲಿ ಇದೊಂದು.

ಎದ್ದ ಮೇಲೆ ಟಿ ಕೋಶ ತಾನೇ ಸಿಟಿಎಲ್‌ಎ-4 ಎಂಬ ಪ್ರೋಟೀನನ್ನು ಹೊರಗೆ ತರುತ್ತದೆ. ಅದು ಹಿಡಿಯುವುದೂ ಬಿ7ನ್ನೇ, ಸಿಡಿ28ಗಿಂತ ಬಿಗಿಯಾಗಿ. ಸಿಡಿ28ಕ್ಕೆ ಬಿ7 ಸಿಗದೆ ಬ್ರೇಕ್ ಬೀಳುತ್ತದೆ.

ಅಮ್ಮನ ಔಷಧಿ ಎಂದರೆ ಈ ಸಿಟಿಎಲ್‌ಎ-4ರ ಹೊರಭಾಗಕ್ಕೆ ಆಂಟಿಬಾಡಿಯ ಬಾಲ ಜೋಡಿಸಿದ್ದು. ಅದು ಬಿ7ನ್ನು ಮೊದಲೇ ಹಿಡಿದುಕೊಂಡು ಎರಡನೆಯ ಕೀಲಿ ತಿರುಗದಂತೆ ಮಾಡುತ್ತದೆ. ಭಾವನದು ಸಿಟಿಎಲ್‌ಎ-4ನ್ನೇ ಮುಚ್ಚುವ ಆಂಟಿಬಾಡಿ, ಅಂದರೆ ಬ್ರೇಕಿಗೇ ಅಡ್ಡ. ಈ ದಾರಿ ತೋರಿದ ಜೇಮ್ಸ್ ಆಲಿಸನ್‌ಗೆ 2018ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಸಿಡಿ28ರ ಹತ್ತಿರ ಆಟ ನಡೆಯದು. 2006ರ ಮಾರ್ಚ್‌ನಲ್ಲಿ ಲಂಡನ್‌ನಲ್ಲಿ, ಅದನ್ನು ನೇರವಾಗಿ ಕೆರಳಿಸುವ ಟಿಜಿಎನ್1412 ಎಂಬ ಔಷಧಿಯನ್ನು ಪ್ರಯೋಗಕ್ಕೆಂದು ಪಡೆದ ಆರು ಮಂದಿ ಆರೋಗ್ಯವಂತರೂ ಐಸಿಯು ಸೇರಿದರು. ಪುಣ್ಯಕ್ಕೆ ಎಲ್ಲರೂ ಬದುಕಿದರು. ಆ ಮೇಲೆ ಈ ಪಾಠ ಮಾಡುವಾಗ ನಾನು ತಮಾಷೆ ಬಿಟ್ಟೆ.

ಅಮ್ಮನಿಗೆ ಜ್ವರ, ಕೆಮ್ಮು ಬಂದರೆ ಕಷಾಯ ಕುಡಿಸಿ ಕಾಯುತ್ತಾ ಕೂರಬೇಡಿ. ಭಾವನಿಗೆ ಭೇದಿ ಶುರುವಾದರೆ ಬಂಗುಡೆ ಹಳತಿತ್ತೆಂದು ಸುಮ್ಮನಾಗುವುದೂ ಬೇಡ. ಬ್ರೇಕ್ ತೆಗೆದ ಟಿ ಕೋಶ ಕರುಳಿನ ಮೇಲೆಯೇ ಏರಿಹೋಗುವುದುಂಟು. ಅಂದೇ ಅಲ್ಲಿನ ಡಾಕ್ಟರಿಗೆ ಫೋನ್ ಮಾಡಲು ಹೇಳಿ.