ಭಾನುವಾರ ಚರ್ಚಿಗೆ ಹೋಗಿ ಹಾಡಿ ಬಂದರೆ ಆರಾಧನೆ ಮುಗಿಯಿತಾ?

ಹಾಡು, ಪ್ರಾರ್ಥನೆ ಆರಾಧನೆಯೇ. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಬೈಬಲಿನಲ್ಲಿರುವ, ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದ ಶುರುವಿನಲ್ಲೇ, ಯೇಸುವಿನ ಸಂದೇಶ ಸಾರಿದ ಪೌಲರು, ನಿಮ್ಮ ದೇಹಗಳನ್ನೇ ದೇವರಿಗೆ ಸಜೀವ ಯಜ್ಞವಾಗಿ ಒಪ್ಪಿಸಿ, ಅದೇ ಆರಾಧನೆ ಎನ್ನುತ್ತಾರೆ. ದೇಹ ಅಂದರೆ ಪಾತ್ರೆ ತೊಳೆಯುವ ಕೈ, ಕೆಲಸಕ್ಕೆ ಓಡುವ ಕಾಲು, ಸಿಟ್ಟು ಬಂದಾಗ ತಡೆಯಬೇಕಾದ ನಾಲಿಗೆ, ಎಲ್ಲವೂ ಸೇರಿತು. ನಾಲಿಗೆಯೇ ಜಾಸ್ತಿ ಕಷ್ಟ, ಅಲ್ವಾ?

ಯೇಸುವಿನ ಮಾತು ಇನ್ನೂ ನೇರ. ಕಾಣಿಕೆ ಹಿಡಿದು ಯಜ್ಞವೇದಿಯ ಹತ್ತಿರ ಬಂದಿದ್ದೀರಿ. ಸಹೋದರನಿಗೆ ನಿಮ್ಮ ಮೇಲೆ ಏನೋ ಬೇಸರವಿದೆ ಅಂತ ಆಗ ನೆನಪಾಗುತ್ತದೆ. ಕಾಣಿಕೆಯನ್ನು ಅಲ್ಲೇ ಬಿಟ್ಟು, ಮೊದಲು ಹೋಗಿ ರಾಜಿಯಾಗಿ, ಆಮೇಲೆ ಬಂದು ಅರ್ಪಿಸಿ ಎನ್ನುತ್ತಾರೆ (ಮತ್ತಾಯ 5:23-24). ಹಾಗಾಗಿ ನನ್ನ ಪ್ರಕಾರ, ತಿಂಗಳುಗಟ್ಟಲೆ ಮಾತು ಬಿಟ್ಟ ತಮ್ಮನಿಗೆ ಶನಿವಾರ ರಾತ್ರಿ ಮಾಡುವ ಫೋನಿನಲ್ಲೇ ಭಾನುವಾರದ ಆರಾಧನೆ ಶುರುವಾಗಿರುತ್ತದೆ.